ಕೊಟ್ಟಿಗೆಯ ಬೀಗದ ಕೈ

ಸಾಗರ, ಸೊರಬ, ಸಿದ್ದಾಪುರದ ಕಡೆಯ ಅಡಿಕೆ ತೋಟದ ಮನೆಗಳ ಹಿತ್ತಲಿನಲ್ಲಿ ಖಾಲಿ ಕೊಟ್ಟಿಗೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಮಲೆನಾಡು ಗಿಡ್ಡ ತಳಿಯ ಹತ್ತಾರು ದನಗಳಿದ್ದ ಮನೆಗಳಲ್ಲಿ ಮೊದಲು ಅವು ಹೋಗಿ ಒಂದೆರಡು ಜರ್ಸಿ ಬಂದವು. ಬೆಟ್ಟದಿಂದ ಸೊಪ್ಪು ತರುವವರು ಸಿಗದೆ, ಮಕ್ಕಳು ಬೆಂಗಳೂರು ಸೇರಿ, ಸಗಣಿ ಬಾಚುವ ಕೈಗಳಿಗೆ ವಯಸ್ಸಾದ ಮೇಲೆ ಆ ಜರ್ಸಿಗಳೂ ಹೋದವು. ಈಗ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಗೊಬ್ಬರ ಲಾರಿಯಲ್ಲಿ ಬರುತ್ತದೆ. ಉಳಿದ ಕೊಟ್ಟಿಗೆಯಲ್ಲಿ ಕೆಲವರು ಕಟ್ಟಿಗೆ ಒಟ್ಟುತ್ತಾರೆ, ಕೆಲವರು ಕಾರು ನಿಲ್ಲಿಸುತ್ತಾರೆ, ಇನ್ನು ಕೆಲವರು ಕೆಡವಿ ಅದರ ಕಲ್ಲನ್ನು ಕಾಂಪೌಂಡಿಗೆ ಬಳಸುತ್ತಾರೆ. ನಮ್ಮ ಮನೆಯ ಕೊಟ್ಟಿಗೆಯನ್ನು ನಾನು ನನಗೆಂದು ಕೇಳಿ ಪಡೆದೆ. ಅಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದಿಷ್ಟು ಪುಸ್ತಕ, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕ ಇವೆ. ಬೆಳಗಿನ ತಿಂಡಿ ಮುಗಿದ ಮೇಲೆ ಮಧ್ಯಾಹ್ನದ ಅಡುಗೆಯ ಹೊತ್ತಿನವರೆಗೆ ನಾನು ಅಲ್ಲಿರುತ್ತೇನೆ. ಓದುತ್ತೇನೆ, ಬರೆಯುತ್ತೇನೆ, ಒಮ್ಮೊಮ್ಮೆ ಏನೂ ಮಾಡದೆ ತೋಟದ ಕಡೆಗೆ ನೋಡುತ್ತ ಕೂರುತ್ತೇನೆ.

ಮನೆಯೊಳಗೇ ಇಷ್ಟು ಕೋಣೆಗಳಿರುವಾಗ ಕೊಟ್ಟಿಗೆ ಯಾಕೆ ಎಂದು ಕೇಳದವರಿಲ್ಲ. ಅಡಿಕೆ ಬೆಳೆಗಾರರ ಹಳೆಯ ಮನೆಗಳು ದೊಡ್ಡವು ಎಂಬುದು ನಿಜ. ಆದರೆ ಆ ದೊಡ್ಡ ಮನೆಯಲ್ಲಿ ಜಾಗಗಳು ಹಂಚಿಕೆಯಾಗಿರುವ ಬಗೆಯನ್ನು ಸ್ವಲ್ಪ ಗಮನಿಸಬೇಕು. ಜಗುಲಿ ಗಂಡಸರದು; ಅಲ್ಲಿ ಕವಳ ಹಾಕುತ್ತ, ಪೇಪರು ಓದುತ್ತ, ಸುಮ್ಮನೆ ಕಂಬಕ್ಕೆ ಒರಗಿ ಕುಳಿತವನನ್ನು ಯಾರೂ ಏನು ಮಾಡುತ್ತಿದ್ದೀಯೆಂದು ಕೇಳುವುದಿಲ್ಲ. ನಡುಮನೆ ಎಲ್ಲರದು. ಉಪ್ಪರಿಗೆಯಲ್ಲಿ ಅಡಿಕೆ, ಹಾಸಿಗೆ, ಮದುವೆಗೆ ಮಾತ್ರ ಕೆಳಗಿಳಿಯುವ ದೊಡ್ಡ ಪಾತ್ರೆಗಳು. ಅಡುಗೆಮನೆ, ಬಚ್ಚಲು, ಹಿತ್ತಲು, ಕೊಟ್ಟಿಗೆ ಹೆಂಗಸರವು, ಆದರೆ ಕೆಲಸಕ್ಕಾಗಿ ಮಾತ್ರ. ಅಲ್ಲಿ ಕೈಯಲ್ಲಿ ಏನಾದರೂ ಹಿಡಿದುಕೊಂಡಿರಬೇಕು. ಖಾಲಿ ಕೈಯಲ್ಲಿ ಕುಳಿತ ಹೆಂಗಸಿಗೆ ಆರೋಗ್ಯ ಸರಿಯಿಲ್ಲವೆಂದೋ ಮನಸ್ಸಿಗೆ ಬೇಸರವಾಗಿದೆಯೆಂದೋ ಮನೆಯವರು ಅರ್ಥ ಮಾಡಿಕೊಳ್ಳುತ್ತಾರೆ. ಕೊಟ್ಟಿಗೆಯಲ್ಲಿ ನನ್ನ ಮೇಜು ಬಂದು ಕುಳಿತ ಹೊಸದರಲ್ಲಿ ನಮ್ಮ ದೊಡ್ಡತ್ತೆ ನಿಜವಾದ ಕಾಳಜಿಯಿಂದಲೇ ಕೇಳಿದ್ದರು: ‘ಒಬ್ಬಳೇ ಅಲ್ಲಿ ಎಂತ ಮಾಡ್ತೀಯೇ ಮಾರಾಯ್ತಿ? ಯಾರಾದ್ರೂ ಏನಾದ್ರೂ ಅಂದ್ರಾ?’ ಮನಸ್ಸು ನೊಂದ ಹೆಂಗಸು ಮಾತ್ರ ಒಬ್ಬಳೇ ಇರಲು ಬಯಸುತ್ತಾಳೆ ಎಂಬ ಅವರ ತಿಳಿವಳಿಕೆ ಅವರ ಬದುಕಿನಿಂದಲೇ ಬಂದದ್ದು.

ಕಟ್ಟಡವನ್ನು ನಾವು ಹೆಚ್ಚು ಬದಲಾಯಿಸಲಿಲ್ಲ. ಜಂಬಿಟ್ಟಿಗೆಯ ಮೂರು ಗೋಡೆಗಳು ಗಟ್ಟಿಯಾಗಿಯೇ ಇದ್ದವು; ತೋಟದ ಕಡೆಗೆ ಗೋಡೆಯ ಬದಲು ಅಡಿಕೆ ದಬ್ಬೆಯ ತಟ್ಟಿ ಇತ್ತು. ಅದನ್ನು ತೆಗೆದು ಸೊಂಟದ ಎತ್ತರಕ್ಕೆ ಗೋಡೆ ಕಟ್ಟಿಸಿ, ಅದರ ಮೇಲೆ ಉದ್ದಕ್ಕೂ ಕಿಟಕಿ ಕೂರಿಸಿದೆವು. ಗಂಜಲ ಹರಿದು ಗೊಬ್ಬರಗುಂಡಿಗೆ ಸೇರಲೆಂದು ನೆಲದ ಹಾಸುಗಲ್ಲುಗಳನ್ನು ಹಿಂದಿನವರು ಒಂದು ಕಡೆಗೆ ಇಳಿಜಾರಾಗಿ ಹಾಸಿದ್ದರು. ಅವನ್ನು ಕಿತ್ತು ಟೈಲ್ಸ್ ಹಾಕೋಣವೆಂದು ಮೇಸ್ತ್ರಿ ಹೇಳಿದಾಗ ನಾನು ಒಪ್ಪಲಿಲ್ಲ. ಮೇಜಿನ ಎರಡು ಕಾಲುಗಳ ಕೆಳಗೆ ಹಲಸಿನ ಹಲಗೆಯ ತುಂಡುಗಳನ್ನು ಕೊಟ್ಟು ಮಟ್ಟ ಮಾಡಿದ್ದೇವೆ. ಪೆನ್ಸಿಲು ಕೆಳಗೆ ಬಿದ್ದರೆ ಈಗಲೂ ಹಳೆಯ ಕಾಲುವೆಯ ಕಡೆಗೇ ಉರುಳುತ್ತದೆ. ನಡುವಿನ ಕಂಬದ ಬುಡದಲ್ಲಿ, ನೆಲದಿಂದ ಒಂದು ಮೊಳ ಮೇಲೆ, ಸುತ್ತಲೂ ಒಂದು ಗೀರು ಇದೆ. ದನದ ಕಣ್ಣಿಯ ಹಗ್ಗ ಎಷ್ಟೋ ವರ್ಷ ಅಲ್ಲಿಯೇ ಉಜ್ಜಿ, ಬೆರಳು ಅರ್ಧ ಮುಳುಗುವಷ್ಟು ಆಳವಾಗಿ, ಒಳಭಾಗ ಕನ್ನಡಿಯ ಹಾಗೆ ನುಣುಪಾಗಿದೆ. ಕಂಬಕ್ಕೆ ಪಾಲಿಶ್ ಹಾಕುವಾಗ ಆ ಗೀರನ್ನು ಮುಚ್ಚಬೇಡಿ ಎಂದು ನಾನೇ ನಿಂತು ಹೇಳಿದ್ದೆ. ಗೋದಲಿಯ ಹಲಗೆಗಳನ್ನು ಹಾಗೆಯೇ ಬಿಟ್ಟು ಅದರಲ್ಲಿ ನಿಘಂಟುಗಳನ್ನೂ ಹಳೆಯ ಪತ್ರಿಕೆಗಳನ್ನೂ ಇಟ್ಟಿದ್ದೇನೆ.

ಮಾಡಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮಲೆನಾಡಿನಲ್ಲಿ ಒಂದು ಕೋಣೆ ಇರಲು ಯೋಗ್ಯವೋ ಅಲ್ಲವೋ ಎಂಬುದನ್ನು ಅದರ ಮಾಡು ತೀರ್ಮಾನಿಸುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ, ಸೋಗೆಯ ಮತ್ತು ಹುಲ್ಲಿನ ಮಾಡುಗಳು ನಿಧಾನವಾಗಿ ಹೋಗಿ ಮಂಗಳೂರು ಹೆಂಚು ಘಟ್ಟದ ಮೇಲಕ್ಕೂ ಬಂತು. ಮೊದಲು ಮನೆಗೆ, ಎಷ್ಟೋ ಕಾಲದ ನಂತರ ಕೊಟ್ಟಿಗೆಗೆ. ಹೆಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಕೂತರೂ ನಡುವೆ ಗಾಳಿಯಾಡುತ್ತದೆ. ಬೇಸಿಗೆಯ ಮಧ್ಯಾಹ್ನವೂ ಅಡಿಯಲ್ಲಿ ಕೂರಬಹುದು. ತಗಡಿನ ಶೀಟು ಅಗ್ಗವಾಗುತ್ತಿತ್ತು, ಮಂಗಗಳ ಕಾಟವೂ ಇರುತ್ತಿರಲಿಲ್ಲ. ಆದರೆ ಆಷಾಢದ ಮಳೆ ಶೀಟಿನ ಮೇಲೆ ಬಿದ್ದರೆ ಒಳಗಿನವರಿಗೆ ತಮ್ಮ ಯೋಚನೆ ತಮಗೇ ಕೇಳಿಸದು. ಹೆಂಚಿನ ಮೇಲೆ ಅದೇ ಮಳೆಯ ಶಬ್ದ ಒಂದೇ ಹದದಲ್ಲಿ ತುಂಬಿಕೊಂಡು ಉಳಿದೆಲ್ಲ ಸದ್ದನ್ನು ಹೊರಗಿಡುತ್ತದೆ. ಮೂರು ಕಡೆ ಗಾಜಿನ ಹೆಂಚು ಹಾಕಿಸಿದ್ದೇವೆ. ಅವುಗಳಿಂದ ಬೀಳುವ ಬಿಸಿಲಿನ ಚೌಕ ಬೆಳಿಗ್ಗೆ ಗೋದಲಿಯ ಮೇಲಿರುತ್ತದೆ, ಮೇಜಿನ ಅಂಚಿಗೆ ಬಂದರೆ ನನ್ನ ಹೊತ್ತು ಮುಗಿಯುತ್ತ ಬಂತೆಂದು ಅರ್ಥ.

ಮಳೆಗಾಲದಲ್ಲಿ ಕೊಟ್ಟಿಗೆಯನ್ನು ಉಳಿಸಿಕೊಳ್ಳುವುದೇ ಒಂದು ಕೆಲಸ. ಮೇ ತಿಂಗಳಲ್ಲಿ ಆಳು ಕರೆದು ಹೆಂಚು ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು. ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಡುವುದು ನಮ್ಮ ಕಡೆಯ ಹಳೆಯ ಉಪಾಯ, ಅದು ಕೆಲಸ ಮಾಡುತ್ತದೆ. ಒರಲೆ ಗೋಡೆಯ ಬುಡದಿಂದ ಮಣ್ಣಿನ ಗೆರೆ ಎಳೆದುಕೊಂಡು ಮೇಲೆ ಬಂತೇ ಎಂದು ವಾರಕ್ಕೊಮ್ಮೆ ಟಾರ್ಚು ಹಿಡಿದು ನೋಡಬೇಕು. ಜಡಿಮಳೆ ಹಿಡಿದಾಗ ಹಾಸುಗಲ್ಲಿನ ಸಂದಿಯಿಂದ ದನದ ವಾಸನೆ ಮತ್ತೆ ಏಳುತ್ತದೆ. ನನಗೆ ಅದು ಇಷ್ಟ.

ಮನೆಯ ಹಿಂಬಾಗಿಲಿಗೂ ಕೊಟ್ಟಿಗೆಗೂ ನಡುವೆ ಒಂದು ಅಂಗಳದಷ್ಟೇ ದೂರ. ಗೋಡೆಗಿಂತ, ಚಿಲಕಕ್ಕಿಂತ ನನ್ನನ್ನು ಕಾಯುವುದು ಆ ದೂರ ಎಂಬುದು ನನ್ನ ದೃಢವಾದ ಅಭಿಪ್ರಾಯ. ಉಪ್ಪರಿಗೆಯಲ್ಲಿ ಕೂತರೆ ‘ಜೀರಿಗೆ ಡಬ್ಬಿ ಎಲ್ಲಿ’ ಎಂಬ ಪ್ರಶ್ನೆ ಮೆಟ್ಟಿಲ ಬುಡದಿಂದಲೇ ಕೂಗಿಕೊಂಡು ಬರುತ್ತದೆ, ಕೂಗಿದವರಿಗೆ ಏನೂ ಖರ್ಚಾಗುವುದಿಲ್ಲ. ಅದೇ ಪ್ರಶ್ನೆಗಾಗಿ ಚಪ್ಪಲಿ ಮೆಟ್ಟಿ, ಕೊಡೆ ಬಿಡಿಸಿ, ಉಂಬಳ ಹತ್ತದ ಹಾಗೆ ನೋಡಿಕೊಂಡು ಅಂಗಳ ದಾಟಬೇಕಾದರೆ ಜೀರಿಗೆ ಡಬ್ಬಿ ಅವರಿಗೇ ಸಿಗುತ್ತದೆ. ನಿಜವಾಗಿ ನಾನೇ ಬೇಕಾದಾಗ ಅವರು ಬಂದೇ ಬರುತ್ತಾರೆ, ನಾನೂ ಏಳುತ್ತೇನೆ. ಮನೆಯ ಒಗ್ಗರಣೆಯ ವಾಸನೆ ತಲುಪುವಷ್ಟು ಹತ್ತಿರ, ಕೂಗು ತಲುಪದಷ್ಟು ದೂರ: ಹಿತ್ತಲಿನ ಕಟ್ಟಡವೊಂದು ಕೊಡಬಹುದಾದ ಈ ಅಳತೆಯನ್ನು ಊರಾಚೆಯ ರೆಸಾರ್ಟು ಕೊಡಲಾರದು, ಮನೆಯೊಳಗಿನ ಕೋಣೆಯೂ ಕೊಡಲಾರದು.

ಈ ಅಳತೆಯನ್ನು ಬೇರೆ ದೇಶದ ಬರಹಗಾರರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಇಂಗ್ಲೆಂಡಿನ ಏಯೋಟ್ ಸೇಂಟ್ ಲಾರೆನ್ಸ್ ಎಂಬ ಹಳ್ಳಿಯಲ್ಲಿ ಜಾರ್ಜ್ ಬರ್ನಾರ್ಡ್ ಷಾ ತಮ್ಮ ತೋಟದ ತುದಿಯಲ್ಲಿ ಮರದ ಸಣ್ಣ ಗುಡಿಸಲೊಂದನ್ನು ಇಟ್ಟುಕೊಂಡಿದ್ದರು. ಬಿಸಿಲು ಬಂದ ಕಡೆಗೆ ಇಡೀ ಗುಡಿಸಲನ್ನೇ ತಿರುಗಿಸಿಕೊಳ್ಳಬಹುದಿತ್ತು. ಅದಕ್ಕೆ ಲಂಡನ್ ಎಂದು ಹೆಸರಿಟ್ಟಿದ್ದರಿಂದ, ಬೇಡದ ಅತಿಥಿಗಳಿಗೆ ಅವರು ಲಂಡನ್ನಿನಲ್ಲಿದ್ದಾರೆಂದು ಮನೆಯವರು ಹೇಳಿ ಕಳಿಸಬಹುದಿತ್ತು. ಸಸೆಕ್ಸಿನ ರಾಡ್‌ಮೆಲ್ಲಿನಲ್ಲಿ 1919ರಲ್ಲಿ ಮನೆ ಕೊಂಡ ವರ್ಜೀನಿಯಾ ವುಲ್ಫ್, ತೋಟದ ಸಲಕರಣೆ ಇಡುವ ಕೊಟ್ಟಿಗೆಯನ್ನೇ ಬರೆಯುವ ಕೋಣೆ ಮಾಡಿಕೊಂಡರು. 1934ರಲ್ಲಿ ಅದನ್ನು ತೋಟದ ಇನ್ನೊಂದು ತುದಿಗೆ, ಚರ್ಚಿನ ಗೋಡೆಯ ಬದಿಗೆ ಸಾಗಿಸಿದರು. ಬರೆಯಬೇಕೆನ್ನುವ ಹೆಂಗಸಿಗೆ ವರ್ಷಕ್ಕೆ 500 ಪೌಂಡು ವರಮಾನ ಮತ್ತು ಬೀಗವಿರುವ ಸ್ವಂತದ ಕೋಣೆ ಬೇಕೆಂಬ, 1928ರ ಕೇಂಬ್ರಿಡ್ಜ್ ಭಾಷಣಗಳಿಂದ ಬೆಳೆದ ಅವರ ವಾದ ಎಲ್ಲರಿಗೂ ಗೊತ್ತಿರುವುದೇ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕೋಣೆಯಷ್ಟೇ ಆ ಹಣ. ಊಟಕ್ಕೆ ಇನ್ನೊಬ್ಬರ ಮುಖ ನೋಡಬೇಕಾದವಳ ಕೋಣೆಯ ಬೀಗವನ್ನು ಯಾರು ಬೇಕಾದರೂ ತೆಗೆಸಬಹುದು.

ಇನ್ನೊಂದು ಗುಡಿಸಲಿನ ಕಥೆಯನ್ನು ನಾನು ಅಷ್ಟು ಸುಲಭವಾಗಿ ಮೆಚ್ಚಲಾರೆ. ಸಂಗೀತ ರಚನೆಕಾರ ಗುಸ್ತಾವ್ ಮಾಹ್ಲರ್ ಆಸ್ಟ್ರಿಯಾದ ವರ್ಥರ್ ಸರೋವರದ ದಡದ ಮಯರ್ನಿಗ್‌ನಲ್ಲಿ, ಮನೆಯಿಂದ ಸ್ವಲ್ಪ ಮೇಲೆ ಕಾಡಿನಲ್ಲಿ ಸಣ್ಣದೊಂದು ಕಟ್ಟಡದಲ್ಲಿ ಕುಳಿತು 1900ರಿಂದ 1906ರವರೆಗಿನ ಬೇಸಿಗೆಗಳಲ್ಲಿ ಸಿಂಫನಿಗಳನ್ನು ರಚಿಸಿದರು. ಅವರನ್ನು 1902ರಲ್ಲಿ ಮದುವೆಯಾದ ಅಲ್ಮಾ ಸ್ವತಃ ಸಂಗೀತ ರಚಿಸುತ್ತಿದ್ದವರು. ಮದುವೆಗೆ ಮೊದಲು, 1901ರ ಡಿಸೆಂಬರಿನಲ್ಲಿ ಬರೆದ ದೀರ್ಘವಾದ ಪತ್ರದಲ್ಲಿ ಮಾಹ್ಲರ್ ಅವರು ಅಲ್ಮಾ ತಮ್ಮ ರಚನೆಯನ್ನು ಬಿಡಬೇಕೆಂದು ಕೇಳಿದರು; ಅಲ್ಮಾ ಬಿಟ್ಟರು. 1910ರಲ್ಲಿ ಮಾಹ್ಲರ್ ಅವರೇ ಮನಸ್ಸು ಬದಲಿಸಿ ಆಕೆಯ ಐದು ಹಾಡುಗಳ ಪ್ರಕಟಣೆಗೆ ನೆರವಾದರು, ಆದರೆ ನಡುವಿನ ವರ್ಷಗಳು ಹೋಗಿದ್ದವು. ಕಾಡಿನ ಆ ಕೋಣೆಯ ನಿಶ್ಶಬ್ದವನ್ನು ಕೆಳಗಿನ ಮನೆಯಲ್ಲಿ ಯಾರೋ ಒಬ್ಬರು ತಮ್ಮ ಕೆಲಸ ಬಿಟ್ಟು ಕಾಯುತ್ತಿದ್ದರು. ಸ್ವಂತದ ಕೋಣೆಯಲ್ಲಿ ಕೂತವರೆಲ್ಲರೂ, ಅಡುಗೆಯವಳನ್ನು ಇಟ್ಟುಕೊಂಡಿದ್ದ ವುಲ್ಫ್ ಸಹ, ಈ ಪ್ರಶ್ನೆಗೆ ಸಿಗಬೇಕಾದವರೇ. ನಾನೂ ಸಿಗಬೇಕು. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮಲ್ಲಿ ಏಕಾಂತದ ಜಾಗಗಳು ಇರಲಿಲ್ಲವೆಂದಲ್ಲ. ಕುಪ್ಪಳಿಯ ಮನೆಯ ಹಿಂದಿನ ಗುಡ್ಡ ಹತ್ತಿದರೆ ಕವಿಶೈಲದ ಬಂಡೆಗಳಿವೆ. ಅಲ್ಲಿ ಕುವೆಂಪು ಕುಳಿತು ಕಂಡ ಸೂರ್ಯಾಸ್ತಗಳು ಕನ್ನಡದ ಓದುಗರೆಲ್ಲರ ಆಸ್ತಿಯಾಗಿವೆ. ನಾನು ಆ ಬಂಡೆಯ ಮೇಲೆ ಕೂತಿದ್ದೇನೆ, ಮನಸ್ಸು ತುಂಬಿ ಬಂದಿದೆ. ಅದೇ ಕಾಲದಲ್ಲಿ ಮಲೆನಾಡಿನ ಯಾವ ಹೆಣ್ಣುಮಗಳು ಸಂಜೆ ಒಬ್ಬಳೇ ಗುಡ್ಡ ಹತ್ತಿ ಕತ್ತಲಾಗುವವರೆಗೆ ಕೂತು ಬರಬಹುದಿತ್ತು ಎಂಬ ಯೋಚನೆಯೂ ಅಲ್ಲಿಯೇ ಬಂದದ್ದು. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ಪ್ರಕಟವಾದದ್ದು 1963ರಲ್ಲಿ, ಅವರಿಗೆ ನಲವತ್ತೈದು ದಾಟಿದ ಮೇಲೆ. ಮಲೆನಾಡಿನ ಹೆಂಗಸರ ಬದುಕನ್ನು ಅಷ್ಟು ಒಳಗಿನಿಂದ ಬಲ್ಲ ಬರವಣಿಗೆ ಅಷ್ಟು ತಡವಾಗಿ ಹೊರಬಂದಿತೆಂಬುದನ್ನು ನೆನೆದರೆ, ಬರೆಯದೆಯೇ ಹೋದವರು ಎಷ್ಟು ಮಂದಿಯೋ ಎನ್ನಿಸುತ್ತದೆ.

ಹೆಂಗಸರಿಗೆಂದೇ ಇದ್ದ ಒಂದು ಏಕಾಂತ ಮಾತ್ರ ನಮ್ಮ ಹಿತ್ತಲಿನಲ್ಲಿತ್ತು, ಅದೂ ಈ ಕೊಟ್ಟಿಗೆಗೆ ಅಂಟಿಕೊಂಡೇ. ನನ್ನ ಮೇಜಿನ ಎಡಗಡೆಯ ಗೋಡೆಯ ಆಚೆಗೆ, ಮಂಚ ಹಿಡಿಯದಷ್ಟು ಸಣ್ಣ ಕೋಣೆಯೊಂದಿದೆ. ಕಿಟಕಿ ಇರಲಿಲ್ಲ, ಒಂದು ಅಂಗೈಯಗಲದ ಕಿಂಡಿ ಇತ್ತು. ಹೊರಗಾದ ಹೆಂಗಸರು ಮೂರು ದಿನ ಅಲ್ಲಿರುತ್ತಿದ್ದರು. ನಾಲ್ಕನೆಯ ದಿನ ಮಿಂದು ಒಳಗೆ ಬರುತ್ತಿದ್ದರು. ನಮ್ಮ ಅತ್ತೆ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ತಮ್ಮ ಮುಟ್ಟು ನಿಲ್ಲುವವರೆಗೆ ತಿಂಗಳು ತಿಂಗಳೂ ಆ ಕೋಣೆಯಲ್ಲಿ ಕೂತವರು. ನಾನು ಬರುವ ಹೊತ್ತಿಗೆ ಆ ಪದ್ಧತಿ ನಮ್ಮ ಮನೆಯಲ್ಲಿ ಸಡಿಲವಾಗಿತ್ತು, ಅದನ್ನು ಪೂರ್ತಿ ನಿಲ್ಲಿಸಿದವರೂ ಅತ್ತೆಯೇ. ಒಮ್ಮೆ ಅವರು ಗೋದಲಿಯಲ್ಲಿನ ಪುಸ್ತಕಗಳನ್ನು ನೋಡುತ್ತ ಹೇಳಿದ ಮಾತು ನನ್ನನ್ನು ಬಿಟ್ಟಿಲ್ಲ: ‘ನಾನೂ ಇಲ್ಲೇ ಓದ್ತಿದ್ದಿದ್ದು. ಒಳಗಿದ್ರೆ ಪುಸ್ತಕ ಮುಟ್ಟೋಕೆ ಪುರುಸೊತ್ತು ಎಲ್ಲಿತ್ತು? ಹೊರಗೆ ಕೂತಾಗ ಲೈಬ್ರರಿಯಿಂದ ತಂದ ಕಾದಂಬರಿ ಒಂದೇ ಸಮ ಓದ್ತಿದ್ದೆ.’

ಈ ಮಾತನ್ನು ಕೇಳಿದ ಕೂಡಲೇ ಕೆಲವರು ಖುಷಿಪಡುತ್ತಾರೆ ಎಂದು ನನಗೆ ಗೊತ್ತು. ಹಿಂದಿನವರು ಹೆಂಗಸರಿಗೆ ವಿಶ್ರಾಂತಿ ಸಿಗಲೆಂದೇ ಈ ಪದ್ಧತಿ ಮಾಡಿದ್ದರು ಎನ್ನುವ ವಾದವನ್ನು ಮದುವೆಮನೆಗಳಲ್ಲಿ, ಈಗ ಮೊಬೈಲಿನಲ್ಲಿಯೂ, ಓದಿದವರೇ ಮುಂದಿಡುತ್ತಾರೆ. ಅತ್ತೆ ಅದೇ ಮಾತಿನ ಮುಂದುವರಿಕೆಯಾಗಿ ಹೇಳಿದ್ದನ್ನೂ ಅವರು ಕೇಳಬೇಕು. ಹೊರಗೆ ಕೂತವರಿಗೆ ಅಡುಗೆಮನೆಯ ಕೆಲಸ ಮಾತ್ರ ತಪ್ಪುತ್ತಿತ್ತು; ಕೊಟ್ಟಿಗೆಗೆ ಸೊಪ್ಪು ಹಾಸುವುದು, ಅಡಿಕೆ ಸುಲಿಯುವುದು, ಕಂಬಳಿ ಜಮಖಾನ ಒಗೆಯುವುದು ತಪ್ಪುತ್ತಿರಲಿಲ್ಲ. ಅನ್ನವನ್ನು ಮೇಲಿನಿಂದ ಬಡಿಸುತ್ತಿದ್ದರು. ರಾತ್ರಿ ಮಳೆಯಲ್ಲಿ ಹೆದರಿಕೆಯಾದರೆ ಗೋಡೆಯಾಚೆಯ ದನದ ಉಸಿರಿನ ಸದ್ದೇ ಜೊತೆ. ಅಂಗಳದಲ್ಲಿ ಆಡುವ ಮಗು ಅತ್ತುಕೊಂಡು ಓಡಿ ಬಂದರೆ ಎತ್ತಿಕೊಳ್ಳುವ ಹಾಗಿರಲಿಲ್ಲ. ಊರಿಗೆಲ್ಲ ಗೊತ್ತಾಗುವ ಹಾಗೆ ಹೊರಗಿಟ್ಟ ದಿನಗಳಲ್ಲಿ, ಕಿಂಡಿಯ ಬೆಳಕಿಗೆ ಪುಸ್ತಕ ಹಿಡಿದು ಆಕೆ ಓದಿದ್ದು ಆಕೆಯ ಗಟ್ಟಿತನ. ಅದರ ಪುಣ್ಯವನ್ನು ಆ ಕೋಣೆಗೆ ಕೊಡಲು ನಾನು ಒಪ್ಪುವುದಿಲ್ಲ.

ಬೇರೆ ಕಡೆ ಇದು ಇನ್ನೂ ಕ್ರೂರವಾಗಿದೆ, ಮತ್ತು ಹಳೆಯ ಮಾತಾಗಿಲ್ಲ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕವೆಂದು ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇಟ್ಟದ್ದರಿಂದ, ಮಳೆ ಚಳಿಯಲ್ಲಿ ಮಗು ತೀರಿಕೊಂಡಿತು. ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ಕರ್ನಾಟಕ 2017ರಲ್ಲಿ ಮಾಡಿದ ಕಾನೂನಿನಲ್ಲಿ, ಮುಟ್ಟಾದವರನ್ನು ಮತ್ತು ಗರ್ಭಿಣಿಯರನ್ನು ಬೇರೆ ಇರಿಸುವುದೂ ಅಪರಾಧವೆಂದು ಸೇರಿದೆ. ನಾನು ಸಂತೋಷದಿಂದ ಚಿಲಕ ಹಾಕಿಕೊಂಡು ಕೂರುವ ಜಾಗಕ್ಕೂ ಆ ಗುಡಿಸಲಿಗೂ ಅಳತೆಯಲ್ಲಿ ಹೆಚ್ಚು ವ್ಯತ್ಯಾಸವಿರಲಾರದು. ಚಿಲಕ ಒಳಗಿದೆಯೋ ಹೊರಗಿದೆಯೋ, ಬೇಕೆಂದಾಗ ಎದ್ದು ಮನೆಯೊಳಕ್ಕೆ ನಡೆಯಬಹುದೋ ಇಲ್ಲವೋ, ಇದರಲ್ಲಿ ಎಲ್ಲ ವ್ಯತ್ಯಾಸವಿದೆ.

ಆದುದರಿಂದ ಕೊಟ್ಟಿಗೆಯನ್ನು ಸರಿಮಾಡಿಸುವಾಗ ಆ ಸಣ್ಣ ಕೋಣೆಯನ್ನು ಏನು ಮಾಡಬೇಕೆಂಬುದರ ಮೇಲೆ ಮನೆಯಲ್ಲಿ ಬಹಳ ಚರ್ಚೆಯಾಯಿತು. ನನ್ನ ಗಂಡ ಕೆಡವಿಬಿಡೋಣ ಎಂದರು. ಅವರ ಮಾತಿನಲ್ಲಿ ತಾಯಿಯ ಬಗೆಗಿನ ಸಂಕಟವಿತ್ತು. ಕೆಡವಬೇಡ ಎಂದವರು ಅತ್ತೆ. ‘ಕಿಟಕಿ ಇಡ್ಸು ಸಾಕು’ ಎಂದರು. ಕಿಂಡಿಯಿದ್ದ ಗೋಡೆಯನ್ನು ಒಡೆದು ದೊಡ್ಡ ಕಿಟಕಿ ಇಡಿಸಿದೆವು, ನನ್ನ ಕೋಣೆಗೂ ಅದಕ್ಕೂ ನಡುವೆ ಬಾಗಿಲು ಮಾಡಿಸಲಿಲ್ಲ, ಅಂಗಳಕ್ಕೆ ಬೇರೆಯೇ ಬಾಗಿಲಿದೆ. ಜಂಬಿಟ್ಟಿಗೆ ಕೊರೆಯುವಾಗ ಎದ್ದ ಕೆಂಪು ಧೂಳಿನಲ್ಲಿ ಅತ್ತೆ ಸೆರಗು ಮೂಗಿಗೆ ಹಿಡಿದು ಕೆಲಸ ಮುಗಿಯುವವರೆಗೂ ನಿಂತಿದ್ದರು.

ನನ್ನ ಬೆಳಗುಗಳನ್ನು ಯಾರು ಕಾಯುತ್ತಾರೆ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ನಾನು ಕೊಟ್ಟಿಗೆಯಲ್ಲಿರುವಾಗ ಒಲೆಯ ಮೇಲಿನ ಹಾಲು, ಬಾಗಿಲಿಗೆ ಬಂದ ನೆಂಟರಿಗೆ ಆಸರಿ, ಅತ್ತೆಯ ಮಾತ್ರೆ, ಇವು ನನ್ನ ಗಂಡನ ಪಾಲು. ಇದು ಒಂದೇ ದಿನದಲ್ಲಿ ಆದ ಒಪ್ಪಂದವಲ್ಲ. ನೆಂಟರ ಎದುರು ಗಂಡಸು ಚಹಾ ಮಾಡಿ ತಂದಾಗ ಉಂಟಾಗುವ ಇರುಸುಮುರುಸನ್ನು ನಾವಿಬ್ಬರೂ ದಾಟಬೇಕಾಯಿತು. ಪಾತ್ರೆ ತೊಳೆಯಲು, ಅಂಗಳ ಗುಡಿಸಲು ಬರುವ ಹೆಂಗಸಿಗೆ ಕೂಲಿ ಕೊಡುತ್ತೇವೆ. ಆದರೆ ಆಕೆಯ ಹೊತ್ತಿನ ಮೇಲೆಯೇ ನನ್ನ ಹೊತ್ತು ನಿಂತಿದೆ ಎಂಬುದನ್ನು ಕೂಲಿಯೊಂದೇ ತೀರಿಸುವುದಿಲ್ಲ. ಆಕೆಯ ಮಗಳು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಳೆ. ಒಂದೇ ಕೋಣೆಯ ಮನೆಯಲ್ಲಿ ಟಿವಿ, ತಮ್ಮ, ಕುಡಿದು ಬರುವ ಅಪ್ಪ ಎಲ್ಲರ ನಡುವೆ ಓದುವ ಹುಡುಗಿ ಒಂದು ದಿನ ಅಮ್ಮನ ಜೊತೆ ಬಂದು, ಹೊಸ ಕಿಟಕಿಯಿಂದ ಒಳಗೆ ಇಣುಕಿ, ‘ಅಮ್ಮಾ, ಇಲ್ಲಿ ಯಾರೂ ಕೂರೋದಿಲ್ವಾ?’ ಎಂದು ನನ್ನನ್ನು ಕೇಳಿದಳು.

ಅದಕ್ಕೆ ಈಗ ಒಂದು ಸಣ್ಣ ಮೇಜು, ಪ್ಲಾಸ್ಟಿಕ್ ಕುರ್ಚಿ, ಒಂದು ದೀಪ, ಪ್ಲಗ್ಗು ಬಂದಿವೆ. ಕಾಲೇಜು ಬಿಟ್ಟು ಬಸ್ಸಿಳಿದವಳು ನೇರವಾಗಿ ಅಲ್ಲಿಗೆ ಬಂದು ಕತ್ತಲಾಗುವವರೆಗೆ ಓದುತ್ತಾಳೆ, ಆಮೇಲೆ ಅವಳ ಅಮ್ಮ ಬಂದು ಕರೆದುಕೊಂಡು ಹೋಗುತ್ತಾಳೆ. ಅವಳು ಒಳಗಿರುವಾಗ ನಾವ್ಯಾರೂ ಹೋಗಿ ಮಾತಾಡಿಸುವುದಿಲ್ಲ. ಅತ್ತೆಗೆ ಮಾತ್ರ ಚಕ್ಕುಲಿ ಕೊಡುವ ನೆಪದಲ್ಲಿ ಒಂದು ಸಲ ಹೋಗುವ ಅನುಮತಿ ಇದೆ. ಬೀಗದ ಕೈ ಒಂದೇ ಇದ್ದದ್ದನ್ನು ಸಾಗರದ ಪೇಟೆಯಲ್ಲಿ ಇನ್ನೊಂದು ಮಾಡಿಸಿ ಅವಳಿಗೆ ಕೊಟ್ಟಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಅದನ್ನು ವಾಪಸು ಕೊಡಬೇಕೇ ಎಂದು ಅವಳ ಅಮ್ಮ ಕೇಳಿದಳು. ಡಿಗ್ರಿಗೂ ಓದುವುದಿದೆಯಲ್ಲ, ಇಟ್ಟುಕೊಂಡಿರಲಿ ಎಂದೆ.